ಗೋಡೆಗೆ ಮುಖ ಮಾಡಿದ ಗೊಂಬೆ

ಅಂಗಡಿಯ ಗೊಂಬೆ ಆ ಬೆಳಿಗ್ಗೆಯೂ ಗೋಡೆಗೆ ಮುಖ ಮಾಡಿ ನಿಂತಿತ್ತು. ಶಾಲೆಯ ಸಮವಸ್ತ್ರ ತೊಡಿಸಿ ಅದನ್ನು ಹಿಂದಿನ ರಾತ್ರಿ ಬೀದಿಯ ಕಡೆ ತಿರುಗಿಸಿಟ್ಟಿದ್ದು ಟೈಲರೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬೀದಿ ಬಾಗಿಲಿನ ಬೀಗ ಹಾಕಿದ ಹಾಗೇ ಇತ್ತು. ಮೊದಲ ಸಲ ನಕ್ಕು ಸುಮ್ಮನಾಗಿದ್ದವನಿಗೆ ಈಗ ಅದನ್ನು ಮುಟ್ಟಲೂ ಭಯವಾಯಿತು.

ಹೊಲಿಯಲು ಕೊಟ್ಟ ಬಟ್ಟೆ ಒಯ್ಯಲು ಊರಿನ ಆಸ್ಪತ್ರೆಯ ನರ್ಸಕ್ಕ ಬಂದಳು.

"ಈ ಗೊಂಬೆಗೆ ಯಾವುದೋ ಗಾಳಿ ಸೇರ್ಕೊಂಡಿದೆ ಅಕ್ಕ," ಎಂದ ಟೈಲರ್. "ಮಗಳಿಗೂ ಅದೇ ಮೆಟ್ಕೊಂಡಿರ್ಬೇಕು. ಮೊನ್ನೆ ಶಾಲೇಲಿ ಒಂದು ಹುಡುಗಿಗೆ ರಕ್ತ ಬರೋ ಹಾಗೆ ಹೊಡೆದಿದ್ದಾಳೆ. ಇನ್ನೊಂದು ಸಲ ಆದ್ರೆ ಶಾಲೆಯಿಂದ ತೆಗೀತಾರಂತೆ."

"ಗಾಳಿಗೆ ಬೇರೆ ಕೆಲಸ ಇಲ್ವಾ, ಟೈಲರಣ್ಣ?" ಎನ್ನುತ್ತಾ ನರ್ಸಕ್ಕ ಗೊಂಬೆಯ ಅಂಗಿ ಎತ್ತಿದಳು.

ಬೆನ್ನಿನ ಮೇಲೆ ಅಡ್ಡಡ್ಡ ಬರೆಗಳಿದ್ದವು. ಅವಳು ಮೇಜಿನ ಮೇಲಿದ್ದ ಮರದ ಅಳತೆಪಟ್ಟಿಯನ್ನು ಒಂದು ಬರೆಗೆ ಇಟ್ಟು ನೋಡಿದಳು. ಸರಿಯಾಗಿ ಕೂತಿತು.

"ಗೋಡೆಗೆ ನಿಲ್ಲಿಸಿ ಇದರಲ್ಲಿ ಹೊಡೆಯೋದು ಈ ಮನೇಲಿ ಯಾರು?"

ಮಗಳಿಗೆ ಬುದ್ಧಿ ಕಲಿಸಲು ಟೈಲರ್ ಕಂಡುಕೊಂಡ ದಾರಿ ಅದೊಂದೇ.

"ನಮ್ಮಪ್ಪನೂ ಬಾರಿಸ್ತಿದ್ದ. ನಾನೇನು ರೌಡಿ ಆದ್ನಾ?"

"ಹೊಡೆತ ತಿಂದವರೆಲ್ಲ ಕೆಡಲ್ಲ. ಆದ್ರೆ ಮನೇಲಿ ಹೊಡೆತ, ಕಣ್ಣೆದುರೇ ಅಪ್ಪ ಅಮ್ಮನ ಜಗಳ, ಶಾಲೇಲಿ ಗೇಲಿ, ಕೆಟ್ಟ ಸಹವಾಸ, ನನ್ನ ಮಾತು ಕೇಳೋರೇ ಇಲ್ಲ ಅನ್ನೋ ಕೊರಗು. ಇವೆಲ್ಲ ಒಂದರ ಮೇಲೊಂದು ಬಿದ್ದಷ್ಟೂ ಮಗು ಕೈ ಎತ್ತೋ ಅಪಾಯ ಜಾಸ್ತಿ. ಈ ಗೊಂಬೆನ ತಿರುಗಿಸಿ ಹೊಡೆದಿದ್ದೂ ನಿಮ್ಮ ಮಗಳೇ ಇರ್ಬೇಕು. ಆ ಹುಡುಗೀನ ಹೇಗೆ ಹೊಡೆದ್ಲು, ಕೇಳಿದ್ರಾ?"

ಒಳಬಾಗಿಲಲ್ಲಿ ನಿಂತಿದ್ದ ಹೆಂಡತಿ ಮೆಲ್ಲಗೆ ಹೇಳಿದಳು. "ಗೋಡೆಗೆ ತಿರುಗಿಸಿ ನಿಲ್ಸಿ, ಸ್ಕೇಲ್‌ನಲ್ಲಿ."

ಟೈಲರ್ ಆ ಪಟ್ಟಿ ಕಣ್ಣಿಗೆ ಬೀಳುವುದೇ ಬೇಡವೆಂದು ಅಟ್ಟಕ್ಕೆ ಹಾಕಲು ಕೈಗೆತ್ತಿಕೊಂಡ. ಅಷ್ಟರಲ್ಲಿ ಮಗಳು ಶಾಲೆಗೆ ಹೊರಟು ಬಂದಳು. ಪಟ್ಟಿ ನೋಡಿದಳು. ಯಾಕೆಂದು ಕೇಳಲಿಲ್ಲ, ಅಳಲಿಲ್ಲ. ಚೀಲ ಕೆಳಗಿಟ್ಟು, ಹೋಗಿ ಗೊಂಬೆಯ ಪಕ್ಕದಲ್ಲಿ ಗೋಡೆಗೆ ಮುಖ ಮಾಡಿ ನಿಂತಳು. ಒಂದೇ ಸಮವಸ್ತ್ರ, ಒಂದೇ ಎತ್ತರ. ಯಾರು ಗೊಂಬೆ, ಯಾರು ಮಗಳು ಎಂದು ಹೆತ್ತವರ ಕಣ್ಣಿಗೂ ಒಂದು ಗಳಿಗೆ ತಿಳಿಯಲಿಲ್ಲ.

"ಈ ಕಡೆ ತಿರುಗು ಪುಟ್ಟಿ. ಇನ್ಮೇಲೆ ಹೊಡೆಯಲ್ಲ," ಎಂದ ಟೈಲರ್.

ಅವಳು ತಿರುಗಲಿಲ್ಲ.

"ಕಾಯಿರಿ," ಎಂದಳು ನರ್ಸಕ್ಕ. "ನಂಬೋಕೆ ಹೊತ್ತು ಬೇಕು. ನಾಳೆ ಮೂವರೂ ಆಸ್ಪತ್ರೆಗೆ ಬನ್ನಿ. ಅಲ್ಲಿ ಮಾತಾಡಿಸಿ ದಾರಿ ತೋರಿಸೋರಿದ್ದಾರೆ."

"ಬರ್ತೀವಿ ಅಕ್ಕ," ಎಂದವನು ಪಟ್ಟಿಯನ್ನು ಅವಳ ಕೈಗೇ ಕೊಟ್ಟು, ಮಗಳ ಹಿಂದೆ ನೆಲದ ಮೇಲೆ ಕೂತ. ಹೆಂಡತಿಯೂ ಬಂದು ಕೂತಳು. ತುಂಬಾ ಹೊತ್ತಿನ ಮೇಲೆ ಮಗಳು ಅರ್ಧ ತಿರುಗಿ, ಮೊದಲು ಅಪ್ಪನ ಕೈ ನೋಡಿದಳು, ಆಮೇಲೆ ಮುಖ.

ಅಪ್ಪ ಅಮ್ಮಂದಿರೇ, ಮಗು ಕೈ ಎತ್ತುತ್ತಿದ್ದರೆ ದೆವ್ವ ಹುಡುಕಬೇಡಿ. ಕೈಯಲ್ಲಿರುವುದನ್ನು ಕೆಳಗಿಡಿ, ಪಕ್ಕದಲ್ಲಿ ಕೂತು ಕೇಳಿ, ಹತ್ತಿರದ ಆಸ್ಪತ್ರೆಯ ನೆರವು ಪಡೆಯಿರಿ. ಇವತ್ತು ನೀವು ಮನೆಯೊಳಗೆ ಕಾಲಿಟ್ಟಾಗ ನಿಮ್ಮ ಮಗು ಮೊದಲು ಏನನ್ನು ನೋಡುತ್ತದೆ, ನಿಮ್ಮ ಮುಖವನ್ನೋ, ಕೈಯನ್ನೋ? ಗಮನಿಸಿ.