ನಡುವಿನ ಸದ್ದು

ಕಾಲೇಜು ಬಾಗಿಲು ಹಾಕಿ ಪಾಠವೆಲ್ಲ ಪರದೆಗೆ ಬಂದಿದ್ದ ಕಾಲದಲ್ಲಿ ಜೊತೆಯವರು ಅವಳಿಗೆ ಇಟ್ಟ ಹೆಸರು ಮ್ಯೂಟ್. ಹಾಜರಿ ಕೂಗಿದರೂ ಅವಳು ಮೈಕು ತೆರೆಯುತ್ತಿರಲಿಲ್ಲ. ಕೈ ಎತ್ತಿದ ಚಿತ್ರವೊಂದನ್ನು ಕಳಿಸಿ ಸುಮ್ಮನಾಗುತ್ತಿದ್ದಳು. ಮನೆಯಲ್ಲಿ ಮಾತ್ರ ಬೇರೆ ಹೆಸರು. ಮೆಡಿಕಲ್ ಸೀಟು ಸಿಕ್ಕ ದಿನದಿಂದ ಅಜ್ಜಿ ಅವಳನ್ನು ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದಳು.

"ಇನ್ನೂ ಓದ್ತಾ ಇದೀನಿ ಅಜ್ಜಿ, ಯಾರಾದ್ರೂ ಕೇಳಿದ್ರೆ ನಗ್ತಾರೆ."

"ಕತ್ತರಿ ಹಾಕೋಕೆ ಮುಂಚೇನೇ ಬಟ್ಟೇನ ಅಂಗಿ ಅಂತೀವಿ ನಾವು. ನಗೋರು ನಗ್ಲಿ."

ಅಜ್ಜಿ ಆಯುಸ್ಸೆಲ್ಲ ಹೊಲಿಗೆ ಮೆಷಿನ್ ತುಳಿದವಳು. ಮಗಳನ್ನು, ಅಂದರೆ ಇವಳ ಅಮ್ಮನನ್ನು, ಓದಿಸಿ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕೂರಿಸಿದ್ದು ಆ ಮೆಷಿನ್ನೇ. ಅಮ್ಮ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದುದು ಇಬ್ಬರೇ: ಮಹಡಿಯ ಕಿಟಕಿಯ ಒಂದು ಪಕ್ಕದಲ್ಲಿ ಮೆಷಿನ್ನಿನೊಡನೆ ಅಜ್ಜಿ, ಇನ್ನೊಂದು ಪಕ್ಕದಲ್ಲಿ ಲ್ಯಾಪ್‌ಟಾಪಿನೊಡನೆ ಮೊಮ್ಮಗಳು.

ರೋಗಿಗಳನ್ನು ಮುಟ್ಟಿ ನೋಡಿ ಕಲಿಯಬೇಕಾದ ವರ್ಷ ಅದು. ವಾರ್ಡಿಗೆ ವಿದ್ಯಾರ್ಥಿಗಳನ್ನು ಬಿಡುತ್ತಿರಲಿಲ್ಲ. ಬದಲಿಗೆ ಕಾಲೇಜಿನವರು ಒಂದು ಕಲಿಕಾ ತಾಣ ಕೊಟ್ಟಿದ್ದರು. ಅದರ ತುಂಬ ವಿಡಿಯೋಗಳು, ಪ್ರಶ್ನೆಗಳು, ರೆಕಾರ್ಡ್ ಮಾಡಿದ ಹೃದಯದ ಸದ್ದುಗಳು. ವಾರಕ್ಕೊಮ್ಮೆ ಪ್ರೊಫೆಸರು ನೇರವಾಗಿ ಪರದೆಗೆ ಬಂದು, ಮನೆಯವರನ್ನೇ ಕೂರಿಸಿಕೊಂಡು ಪರೀಕ್ಷೆ ಮಾಡಿ ತೋರಿಸಿ ಎನ್ನುತ್ತಿದ್ದರು. ಒಬ್ಬಳ ತಮ್ಮನಿಗೆ ಹೊಟ್ಟೆ ಮುಟ್ಟಿದರೆ ಕಚಗುಳಿ. ಒಬ್ಬನ ಅಪ್ಪ ಮಲಗಿಸಿದೊಡನೆ ಗೊರಕೆ ಹೊಡೆಯುತ್ತಿದ್ದ. ಅಜ್ಜಿ ಮಾತ್ರ ತಲೆ ಬಾಚಿ, ಮುಖಕ್ಕೆ ಪೌಡರ್ ಹಚ್ಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕುರ್ಚಿಯಲ್ಲಿ ಕೂರುತ್ತಿದ್ದಳು.

"ಎದೆ ನೋಡೋಕೆ ಪೌಡರ್ ಯಾಕಜ್ಜಿ?"

"ನಿಮ್ಮ ಮೇಷ್ಟ್ರು ಮುಖಾನೂ ನೋಡ್ತಾರಲ್ಲೇ."

ತಾಣದ ರೆಕಾರ್ಡಿಂಗಿನಲ್ಲಿ ಹೃದಯದ ಸದ್ದು ಚೊಕ್ಕವಾಗಿತ್ತು. ಲಬ್, ಡಬ್, ನಡುವೆ ಮೌನ. ಅಜ್ಜಿಯ ಎದೆಯ ಮೇಲೆ ಸ್ಟೆತ್ ಇಟ್ಟಾಗ ಆ ಎರಡರ ನಡುವೆ ಇನ್ನೊಂದು ಸದ್ದು ಕೇಳಿಸಿತು, ದಪ್ಪ ಬಟ್ಟೆಯಲ್ಲಿ ಕತ್ತರಿ ಓಡಿದ ಹಾಗೆ. ಅವಳು ತನ್ನ ಎದೆಯ ಮೇಲೂ ಇಟ್ಟು ನೋಡಿಕೊಂಡಳು. ಅಲ್ಲಿ ಇರಲಿಲ್ಲ. ವಿಡಿಯೋದಲ್ಲಿ ಪ್ರೊಫೆಸರು ಹೇಳಿದ್ದು ನೆನಪಾಯಿತು: "ನಿಜವಾದ ಎದೆ ರೆಕಾರ್ಡಿಂಗಿನಷ್ಟು ಕ್ಲೀನಾಗಿರಲ್ಲ. ಉಸಿರು, ಬಟ್ಟೆ, ಚರ್ಮ ಎಲ್ಲದರ ಸದ್ದೂ ಸೇರಿಕೊಳ್ಳುತ್ತೆ. ಅದನ್ನ ಬಿಟ್ಟು ಕೇಳೋದು ಕಲೀರಿ." ವಯಸ್ಸಾದವರ ಒಣ ಚರ್ಮ, ಅದಕ್ಕೇ ಇರಬೇಕು ಎಂದುಕೊಂಡಳು.

ಆದರೂ ಮನಸ್ಸು ಒಪ್ಪಲಿಲ್ಲ. ತನ್ನ ಸರದಿ ಬಂದಾಗ ಸ್ಟೆತ್ತಿನ ಒಂದು ಕಿವಿಗೆ ಇಯರ್‌ಫೋನಿನ ಮೈಕು ಒತ್ತಿ ಹಿಡಿದಳು. ಪರದೆಯಲ್ಲಿ ಪ್ರೊಫೆಸರು ಕಣ್ಣು ಮುಚ್ಚಿ ಕೇಳಿದರು.

"ವೆರಿ ಗುಡ್. ಎಲ್ಲರೂ ಕೇಳಿ, ಪಾಠಕ್ಕೆ ಅಂತಾನೇ ಹೇಳಿ ಮಾಡಿಸಿದ ಹಾಗಿದೆ. ನಿಮ್ಮಜ್ಜಿಗೆ ನನ್ನ ಥ್ಯಾಂಕ್ಸ್ ಹೇಳಮ್ಮ."

ಅಜ್ಜಿ ನಾಚಿ ಶಾಲು ಸರಿಮಾಡಿಕೊಂಡಳು. ಮೊಮ್ಮಗಳು ಅವಸರವಾಗಿ, "ಸರ್, ನಡುವೆ ಇನ್ನೊಂದು ಸದ್ದು ಬರುತ್ತಿದೆ, ಅದೇನು" ಎಂದು ಟೈಪು ಮಾಡಿದಳು. ಅಷ್ಟರಲ್ಲಿ ಮುಂದಿನವಳ ತಮ್ಮ ಕಚಗುಳಿಗೆ ಕಿಲಕಿಲ ನಗುತ್ತಿದ್ದ, ತರಗತಿಯೆಲ್ಲ ನಗುತ್ತಿತ್ತು. ಹೇಳಿ ಮಾಡಿಸಿದ ಹಾಗಿದೆ ಎಂದವರಿಗೆ ಎದುರು ಹೇಳುವುದು ಹೇಗೆ? ಅವಳು ಒಂದೊಂದೇ ಅಕ್ಷರವನ್ನು ಅಳಿಸಿದಳು.

ಅಲ್ಲಿಂದ ಮುಂದೆ ಪ್ರತಿ ಸಂಜೆ ಅಜ್ಜಿಯ ಎದೆಯ ಮೇಲೇ ಅಭ್ಯಾಸ. "ಕೇಳ್ಕೋ, ಕೇಳ್ಕೋ, ಕೇಳಿದ್ರೆ ಅದೇನು ಸವೆಯುತ್ತಾ?" ಎಂದು ಅಜ್ಜಿ ತಾನೇ ರವಿಕೆಯ ಮೇಲಿನ ಗುಂಡಿ ಬಿಚ್ಚುತ್ತಿದ್ದಳು. ದಿನ ಕಳೆದಂತೆ ಕತ್ತರಿಯ ಸದ್ದು ಅವಳಿಗೆ ಬೇರೆಯಾಗಿ ಕೇಳಿಸುವುದೇ ನಿಂತಿತು. ಮುದಿ ಹೃದಯವೆಂದರೆ ಹೀಗೇ ಎಂದು ಅವಳ ಕಿವಿ ಒಪ್ಪಿಕೊಂಡುಬಿಟ್ಟಿತು.

ಕಾಲೇಜು ತೆರೆದು ಅವಳು ಹಾಸ್ಟೆಲಿಗೆ ಬಂದಳು. ವಾರ್ಡಿನ ಮೊದಲ ರೋಗಿ ಕಾಲು ಮುರಿದುಕೊಂಡು ಮಲಗಿದ್ದ ಮುದುಕ. ಅವಳು ಅವನ ಎದೆಯ ಮೇಲೆ ಸ್ಟೆತ್ ಇಟ್ಟಳು. ಲಬ್, ಡಬ್, ನಡುವೆ ಏನೂ ಇಲ್ಲ. ಸ್ಟೆತ್ ಕೆಟ್ಟಿತೇನೋ ಎಂದು ಬೆರಳಿಂದ ತಟ್ಟಿ ನೋಡಿ ಇನ್ನಷ್ಟು ಒತ್ತಿ ಇಟ್ಟಳು.

"ಏನೇ ಮ್ಯೂಟ್, ಅವರ ಎದೇಲಿ ತೂತು ಕೊರೀತೀಯಾ?" ಎಂದಳು ರೂಮಿನ ಗೆಳತಿ. ಪಾಠಗಳನ್ನೆಲ್ಲ ಎರಡು ಪಟ್ಟು ವೇಗದಲ್ಲಿ ಓಡಿಸಿ ಮುಗಿಸಿದ್ದ ಅವಳಿಗೆ ಡಬಲ್ ಸ್ಪೀಡ್ ಎಂದು ಹೆಸರು. "ಮುರಿದಿರೋದು ಕಾಲು ಕಣೇ, ಎದೆ ಅಲ್ಲ."

ಪಕ್ಕದ ಹಾಸಿಗೆಯ ಮುದುಕಿಯ ಎದೆಯಲ್ಲೂ ಆ ಸದ್ದಿಲ್ಲ. ಅದರಾಚೆಯ ಹಾಸಿಗೆಯಲ್ಲೂ ಇಲ್ಲ. ಪ್ರೊಫೆಸರು ಹತ್ತಿರ ಬಂದಾಗ ಅವಳು ಕಾಲೇಜಿಗೆ ಸೇರಿದ ಮೇಲೆ ಮೊದಲ ಸಲ ತಾನಾಗಿ ಬಾಯಿ ತೆರೆದಳು.

"ಸರ್, ಇವರ್ಯಾರಲ್ಲೂ ನಡುವಿನ ಸದ್ದು ಕೇಳಿಸ್ತಿಲ್ಲ."

ಹಿಂದೆ ನಿಂತವರು ಮುಸಿಮುಸಿ ನಕ್ಕರು. ಪ್ರೊಫೆಸರು ನಗಲಿಲ್ಲ. "ಯಾವ ಸದ್ದಮ್ಮ?"

ಅವಳು ಹೇಳಿದಳು, ಕತ್ತರಿ, ದಪ್ಪ ಬಟ್ಟೆ. ಅವರು ಅವಳನ್ನು ಕೋಣೆಯ ಕೊನೆಗೆ ಕರೆದೊಯ್ದು, ದಿಂಬುಗಳಿಗೆ ಒರಗಿ ಏದುಸಿರು ಬಿಡುತ್ತಿದ್ದ ರೋಗಿಯೊಬ್ಬನನ್ನು ತೋರಿಸಿ, "ಇಲ್ಲಿ ಕೇಳು," ಎಂದರು. ಅವಳು ಕೇಳಿದಳು. ಅಜ್ಜಿ ಪಕ್ಕದಲ್ಲೇ ಬಂದು ಕೂತ ಹಾಗಾಯಿತು.

"ಇದೇನಾ?"

"ಇದೇ ಸರ್. ನಮ್ಮಜ್ಜಿದು."

"ಹೃದಯದಿಂದ ರಕ್ತ ಹೊರಗೆ ಹೋಗೋ ಬಾಗಿಲು ಗಟ್ಟಿಯಾಗಿ ಕಿರಿದಾದಾಗ ಬರೋ ಸದ್ದಮ್ಮ ಇದು." ಅವರು ಅವಳತ್ತ ತಿರುಗಿದರು. "ಆದ್ರೆ ಅವತ್ತು ನಾನೇ ಕೇಳಿದ್ನಲ್ಲ. ಚೆನ್ನಾಗಿತ್ತು." ಹಾಗೆಂದವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಮಾತು ಸ್ಪಷ್ಟವಾಗಿ ಕೇಳಿಸ್ಲಿ ಅಂತ ಆ ವಿಡಿಯೋ ಕಾಲು ಫ್ಯಾನಿನ ಗಾಳಿ, ರಸ್ತೆ ಗದ್ದಲ ಎಲ್ಲ ಅಳಿಸಿಹಾಕುತ್ತೆ. ಇದನ್ನೂ ಗದ್ದಲ ಅಂದ್ಕೊಂಡು ಅಳಿಸಿರುತ್ತೆ. ನಂಗೆ ಹೊಳೀಲೇ ಇಲ್ಲ." ಆಮೇಲೆ ಮೆತ್ತಗೆ, "ಊರಿಗೆ ಹೊರಡಮ್ಮ. ಈಗ್ಲೇ ಹೊರಡು," ಎಂದರು.

ಮನೆಗೆ ಬಂದಾಗ ಹೊಲಿಗೆ ಮೆಷಿನ್ ಕೆಳಗಿನ ಕೋಣೆಯಲ್ಲಿತ್ತು. "ಮೆಟ್ಟಿಲು ಹತ್ತೋಕೆ ಆಗ್ತಿರ್ಲಿಲ್ಲ ಅವಳಿಗೆ, ಅರ್ಧದಲ್ಲೇ ಕೂತ್ಬಿಡ್ತಿದ್ಲು. ಓದೋಳಿಗ್ಯಾಕೆ ಚಿಂತೆ ಅಂತ ನಿಂಗೆ ಹೇಳೋಕೆ ಬಿಡ್ಲಿಲ್ಲ," ಎಂದಳು ಅಮ್ಮ. ಅಜ್ಜಿಯ ಪಾದಗಳು ಚಪ್ಪಲಿಗೆ ಹಿಡಿಸದಷ್ಟು ಊದಿದ್ದವು.

ಹೃದಯದ ಡಾಕ್ಟರು ಸ್ಕ್ಯಾನಿನ ಪರದೆಯನ್ನು ಬಹಳ ಹೊತ್ತು ನೋಡಿದರು. "ವರ್ಷದ ಹಿಂದೆ ಬಂದಿದ್ರೆ ವಾಲ್ವ್ ಬದಲಾಯಿಸಬಹುದಿತ್ತು. ಈಗ ಹೃದಯ ದಣಿದುಹೋಗಿದೆ, ಕಿಡ್ನೀನೂ ಕೈಕೊಟ್ಟಿದೆ. ಆಪರೇಷನ್ ತಡ್ಕೊಳಲ್ಲ. ಔಷಧಿ ಕೊಡ್ತೀನಿ, ಉಸಿರಾಟ ಸ್ವಲ್ಪ ಹಗುರಾಗುತ್ತೆ."

"ಮೊದ್ಲೇ ಗೊತ್ತಾಗೋ ದಾರಿ ಇರ್ಲಿಲ್ವಾ ಡಾಕ್ಟ್ರೇ?" ಎಂದಳು ಅಮ್ಮ.

"ಇತ್ತು. ಒಂದ್ಸಲ ಸ್ಟೆತ್ ಇಟ್ಟು ಕೇಳಿದ್ರೆ ಸಾಕಾಗಿತ್ತು. ಯಾರೂ ಕೇಳಿಲ್ಲ ಅನ್ಸುತ್ತೆ."

ಗಾಲಿಕುರ್ಚಿಯಲ್ಲಿ ಕೂತಿದ್ದ ಅಜ್ಜಿಗೆ ಅದನ್ನು ಸಹಿಸಲಾಗಲಿಲ್ಲ. "ಯಾಕೆ ಕೇಳಿಲ್ಲ? ನಮ್ಮ ಡಾಕ್ಟ್ರಮ್ಮ ದಿನಾ ಕೇಳ್ತಿದ್ಲಲ್ಲ," ಎಂದಳು ಹೆಮ್ಮೆಯಿಂದ. "ಒಂದು ಸಂಜೆ ತಪ್ಪಿಸ್ತಿರ್ಲಿಲ್ಲ."

ಡಾಕ್ಟರು ಹುಡುಗಿಯತ್ತ ನೋಡಿದರು, ಅವಳ ಕೊರಳಲ್ಲಿದ್ದ ಕಾಲೇಜಿನ ಕಾರ್ಡು ನೋಡಿದರು. ಆಮೇಲೆ ತಲೆ ತಗ್ಗಿಸಿ ಔಷಧಿ ಬರೆಯತೊಡಗಿದರು. ಅಮ್ಮನೂ ನೋಡಿದಳು. ಮನೆಗೆ ಬಂದವಳೇ ಅಡುಗೆಮನೆ ಹೊಕ್ಕು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದಳು.

ಮೊಮ್ಮಗಳು ಅಜ್ಜಿಯ ಮಂಚದ ಪಕ್ಕ ಕೂತಳು. ಹೇಳದಿದ್ದರೂ ನಡೆಯುತ್ತದೆ. ಅಮ್ಮ ತಾನಾಗಿ ಬಾಯಿ ಬಿಡುವವಳಲ್ಲ. ಉಳಿದಿರುವ ದಿನಗಳನ್ನು ಅಜ್ಜಿ ಅದೇ ಹೆಮ್ಮೆಯಲ್ಲಿ ಕಳೆಯಬಹುದು. ಸುಮ್ಮನಿರುವುದು ತನಗೆ ಬಾರದ ವಿದ್ಯೆಯೂ ಅಲ್ಲ.

"ಯಾಕೆ, ಇವತ್ತು ಕೇಳಲ್ವಾ?" ಅಜ್ಜಿ ಆಗಲೇ ಮೇಲಿನ ಗುಂಡಿ ಬಿಚ್ಚಿದ್ದಳು.

ಅವಳು ಸ್ಟೆತ್ ತೆಗೆದಳು. ತನ್ನ ಕಿವಿಗೆ ಹಾಕಿಕೊಳ್ಳದೆ ಅಜ್ಜಿಯ ಕಿವಿಗೆ ಹಾಕಿ, ಬಿಲ್ಲೆಯನ್ನು ಅವಳ ಎದೆಯ ಮೇಲಿಟ್ಟು ಹಿಡಿದಳು. ಅಜ್ಜಿ ಹುಬ್ಬು ಗಂಟಿಕ್ಕಿ, ತನ್ನ ಎದೆಯನ್ನು ತಾನೇ ಮೊದಲ ಸಲ ಕೇಳಿದಳು.

"ಕತ್ತರಿ ಓಡಿದ ಹಾಗಿದೆಯಲ್ಲೇ."

"ಹೂಂ."

"ಎಲ್ಲರಿಗೂ ಹೀಗೇನಾ?"

ಪಾತ್ರೆಯ ಸದ್ದು ನಿಂತಿತು.

"ಇಲ್ಲ ಅಜ್ಜಿ. ಇರಬಾರದು. ಆಗ್ಲೂ ಇತ್ತು, ನಾನು ವಯಸ್ಸಾದೋರಿಗೆಲ್ಲ ಹೀಗೇ ಅಂದ್ಕೊಂಡೆ. ಸರ್ ಹತ್ರ ಕೇಳಬೇಕು ಅಂತ ಬರ್ದಿದ್ದೆ. ಕಳಿಸ್ಲಿಲ್ಲ."

ಅಜ್ಜಿ ಸ್ಟೆತ್ತನ್ನು ಕಿವಿಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಹೊಲಿಗೆ ಬಿಟ್ಟ ಬಟ್ಟೆಯನ್ನು ನೋಡುವ ಹಾಗೆ ಅದನ್ನು ತಿರುಗಿಸಿ ನೋಡಿದಳು.

"ನಿಮ್ಮ ಮೇಷ್ಟ್ರು ಚೆನ್ನಾಗಿದೆ ಅಂದ್ರಲ್ಲ."

"ಅವರಿಗೆ ಕೇಳಿಸಿರ್ಲಿಲ್ಲ."

"ನಿಂಗೆ ಕೇಳಿಸಿತ್ತು."

ಚುಚ್ಚುಮಾತಿನ ದನಿಯಲ್ಲ ಅದು. ತೋಳಿನ ಉದ್ದ ಇಷ್ಟು ಎಂದು ಅಳತೆ ಹೇಳುವಾಗಿನ ದನಿ.

"ಕೇಳಿಸಿತ್ತು ಅಜ್ಜಿ."

ಅಜ್ಜಿ ಗುಂಡಿ ಹಾಕಿಕೊಳ್ಳಲು ಹೊರಟಳು. ಸಾವಿರಾರು ಗುಂಡಿ ಹೊಲಿದ ಬೆರಳುಗಳಿಗೆ ಕಾಜ ಸಿಗಲಿಲ್ಲ. ಮೊಮ್ಮಗಳು ಕೈ ಚಾಚಿದಳು. ಅಜ್ಜಿ ಬೇಡವೆನ್ನಲಿಲ್ಲ, ಹಾಕು ಎಂದೂ ಅನ್ನಲಿಲ್ಲ. ಗುಂಡಿ ಹಾಕುವಷ್ಟು ಹೊತ್ತು ಆ ಸದ್ದು, ಸ್ಟೆತ್ ಇಲ್ಲದೆಯೇ, ಬೆರಳ ತುದಿಗೆ ತಾಗಿ ನಡುಗುತ್ತಿತ್ತು.

"ಕತ್ತಲಾಯ್ತು," ಎಂದಳು ಅಜ್ಜಿ. "ದೀಪ ಹಾಕು ಪುಟ್ಟಿ."

ಅವಳು ಶಾಲೆಗೆ ಹೋಗುತ್ತಿದ್ದ ಕಾಲದ ಹೆಸರು ಅದು. ಅವಳು ಎದ್ದು ದೀಪ ಹಾಕಿ, ಸ್ವಿಚ್ಚಿನ ಮೇಲೆ ಕೈಯಿಟ್ಟು ಹಾಗೇ ನಿಂತಳು, ಇನ್ನೊಂದು ಹೆಸರಿಗಾಗಿ ಕಾಯುತ್ತ. ಅಜ್ಜಿ ಗೋಡೆಯ ಕಡೆ ಹೊರಳಿ ಕಣ್ಣು ಮುಚ್ಚಿಕೊಂಡಿದ್ದಳು.