ಬಾಗಿಲಿಗೇನೂ ಆಗಿಲ್ಲ

ನನ್ನ ಕೆಲಸ ಬಾಗಿಲು ರಿಪೇರಿ. ಕೀಲು, ಚಿಲಕ, ಅಗುಳಿ ಅಂದುಕೊಳ್ಳಬೇಡಿ. ಅವುಗಳ ಕಾಲ ಯಾವತ್ತೋ ಮುಗಿಯಿತು. ಈಗ ಈ ಊರಿನ ಪ್ರತಿ ಬಾಗಿಲಿಗೂ ಒಂದು ಕಿವಿ ಇದೆ. ಅಂಗಿ ಗುಂಡಿಯಷ್ಟು ಅಗಲದ ಜಾಲರಿ, ಹಿಂದೆ ಒಂದು ತಂತಿ. ಮನೆಯವರು 'ಹೊರಗೆ ಹೋಗ್ತೀನಿ' ಅಂದರೆ ತೆರೆಯುತ್ತದೆ, 'ಒಳಗೆ ಬಾ' ಅಂದರೂ ತೆರೆಯುತ್ತದೆ. ಆದರೆ ದನಿಯಲ್ಲಿ ಸಿಟ್ಟೋ ಹೆದರಿಕೆಯೋ ಅಳುವೋ ಚೂರು ಬೆರೆಯಿತೋ, ಮುಗಿಯಿತು ಕಥೆ. ಜಾಲರಿಯೊಳಗಿಂದ ಒಬ್ಬಳು ಜೇನು ಸುರಿಸುತ್ತಾ 'ಸ್ವಲ್ಪ ಹೊತ್ತು ಕೂತ್ಕೊಳ್ಳಿ' ಅನ್ನುತ್ತಾಳೆ. ಅವಳ ಬಾಯಿಗೆ ಮಣ್ಣು ಹಾಕ! ಹಿಂದೆಂದೋ ಬೀದಿಯಲ್ಲಿ ಗಲಾಟೆಯಾಗಿ ಊರಿಗೆ ಬೆಂಕಿ ಬಿದ್ದಿತ್ತಂತೆ. ಅಂದಿನಿಂದ ಸಮಾಧಾನ ಇಲ್ಲದವರು ಬೀದಿಗೆ ಇಳಿಯುವಂತಿಲ್ಲ. ಅದನ್ನು ನೋಡಿಕೊಳ್ಳಲು ಸಮಾಧಾನ ಇಲಾಖೆ ಅಂತಲೇ ಒಂದಿದೆ. ನನಗೆ ಸಂಬಳ ಕೊಡುವವರೂ ಅವರೇ.

'ಬಾಗಿಲು ಕೆಟ್ಟಿದೆ, ಬೇಗ ಬನ್ನಿ' ಅಂತ ದಿನವೂ ಕರೆ ಬರುತ್ತದೆ. ಹೊರಗಿಂದ ಸಲಕರಣೆ ಹಾಕಿ ತೆಗೆದು ನೋಡಿದರೆ ಗಂಡ ಒಂದು ಮೂಲೆ, ಹೆಂಡತಿ ಒಂದು ಮೂಲೆ, ಇಬ್ಬರದೂ ಮುಖ ಊದಿದೆ. ಒಬ್ಬಾಕೆ ಅತ್ತೆಯ ಜೊತೆ ಜಗಳವಾಡಿ ವಾರವೆಲ್ಲ ಒಳಗೇ ಇದ್ದಳು, ಜೊತೆಗೆ ಅತ್ತೆಯೂ! ನಾನು ಜಾಲರಿ ಒರೆಸಿ, 'ಬಾಗಿಲಿಗೇನೂ ಆಗಿಲ್ಲ' ಎಂದು ಹೇಳಿ ಬರುತ್ತೇನೆ. ಸಂಜೆ ಸಲಕರಣೆ ಚೀಲವನ್ನು ಇಲಾಖೆಗೆ ಒಪ್ಪಿಸಿಯೇ ಮನೆಗೆ ಹೊರಡಬೇಕು. ಹಾಗಾಗಿ ನನ್ನ ಮನೆಯೊಳಗೆ ನಾನೂ ಎಲ್ಲರಂತೆಯೇ.

ನನಗೋ ಮೂಗಿನ ತುದಿಯಲ್ಲೇ ಕೋಪ. ನಮ್ಮ ಬಾಗಿಲು ಹೆಚ್ಚಾಗಿ ತೆರೆಯುತ್ತಿದ್ದುದು ನನ್ನ ಗಂಡನ ದನಿಗೆ. ಮದುವೆಯಾದಾಗಿನಿಂದ ಅವರು ದನಿ ಏರಿಸಿದ್ದಿಲ್ಲ. ಬಿಸಿ ಚಹಾ ಮೈಮೇಲೆ ಬಿದ್ದರೂ 'ಓ, ಚೆಲ್ತು' ಅನ್ನುವ ಆಸಾಮಿ. "ಭಾವ ಉಸಿರಾಡ್ತಿದಾರಾ ಅಂತ ಆಗಾಗ ನೋಡ್ತಿರಕ್ಕ" ಎಂದು ನನ್ನ ತಮ್ಮ ಗೇಲಿ ಮಾಡುತ್ತಿದ್ದ.

ತಮ್ಮನಿಗೆ ಮನೆಯಲ್ಲಿ ಬೊಗಳೆ ಎಂದೇ ಹೆಸರು. ಬಾಯಿ ಬಿಟ್ಟರೆ ಬಡಾಯಿ. ಹೋದ ವಾರ ನಮ್ಮಲ್ಲಿ ಊಟಕ್ಕೆ ಬಂದವನು, "ನಮ್ಮನೆ ಬಾಗಿಲಿನ ಕಿವಿ ಕಿತ್ತು ಬಿಸಾಕ್ದೆ ಕಣಕ್ಕ! ಈಗ ಅಳ್ತಾ ಹೋಗ್ತೀನಿ, ಕಿರಚ್ತಾ ಬರ್ತೀನಿ. ಕೇಳೋರಿಲ್ಲ!" ಅಂದ. ನಾನು ಚೆನ್ನಾಗಿ ಉಗಿದೆ. ನನ್ನ ಗಂಡ ನಕ್ಕು ಅವನಿಗೆ ನೀರು ಬಗ್ಗಿಸಿಕೊಟ್ಟರು. ಮೇಜಿನ ಸುತ್ತ ಇದ್ದವರು ನಾವು ಮೂವರೇ.

ನಿನ್ನೆ ಸಂಜೆ ಮೆಟ್ಟಿಲ ಮೇಲೆ ಯಾರೋ ದಡದಡ ಓಡಿ ಬಂದರು. ಎದುರು ಕಟ್ಟಡದ ಜಾಹೀರಾತು ದೀಪ ನಮ್ಮ ಗೋಡೆಯನ್ನು ಕೆಂಪು ಮಾಡುತ್ತಿತ್ತು, ಮತ್ತೆ ನೀಲಿ ಮಾಡುತ್ತಿತ್ತು. ಕಿಟಕಿಯ ಹೊರಗೆ ಎಂದಿನ ಹೊಗೆ.

"ಅಕ್ಕಾ, ಬಾಗಿಲು ತೆಗಿಯೇ! ಇಲಾಖೆಯವ್ರು ಹಿಂದೆ ಬಿದ್ದಿದಾರೆ."

ಕಿವಿ ಇರುವ ಮನೆಯೊಳಗೆ ಸೇರಿಕೊಂಡವರನ್ನು ಅವರು ಮುಟ್ಟುವಂತಿಲ್ಲ. ಅದೂ ಅವರದೇ ಕಾನೂನು. ಹೊರಗೆ ಸಿಕ್ಕವರು ತಿರುಗಿ ಬಂದದ್ದನ್ನು ನಾನಂತೂ ಕಂಡಿಲ್ಲ. ಅವನಿಗೆ ಬೇಕಿದ್ದುದು ನನ್ನ ಬಾಯಿಂದ ಎರಡು ಮಾತು, ಅಷ್ಟೇ.

"ಒಳಗೆ ಬಾ" ಅಂದೆ.

"ಸ್ವಲ್ಪ ಹೊತ್ತು ಕೂತ್ಕೊಳ್ಳಿ."

"ಒಳಗೆ ಬಾರೋ ಮುಂಡೇದೇ!"

"ಸ್ವಲ್ಪ ಹೊತ್ತು ಕೂತ್ಕೊಳ್ಳಿ."

"ಬೈಬೇಡ್ವೇ ಅಕ್ಕ" ಅಂತ ಹೊರಗಿಂದ ತಮ್ಮ ಅಳುತ್ತಲೇ ನಕ್ಕ. "ಭಾವಂಗೆ ಹೇಳು, ಅವ್ರು ಕರೀಲಿ."

ನಾನು ಗಂಡನನ್ನು ತೋಳು ಹಿಡಿದು ಎಳೆದು ತಂದೆ. "ನೀವು ಹೇಳ್ರೀ. ನಿಮ್ ಮಾತು ಅದು ಕೇಳುತ್ತೆ."

ಅವರು ಗಂಟಲು ಸರಿ ಮಾಡಿಕೊಂಡು, "ಒಳಗೆ ಬಾ" ಅಂದರು.

"ಸ್ವಲ್ಪ ಹೊತ್ತು ಕೂತ್ಕೊಳ್ಳಿ."

ಅವರು ಮತ್ತೊಮ್ಮೆ ಹೇಳಿದರು, ಇನ್ನೊಮ್ಮೆ ಹೇಳಿದರು. ನನ್ನ ಕಿವಿಗೆ ಆ ದನಿಯಲ್ಲಿ ಏನೂ ವ್ಯತ್ಯಾಸ ಕೇಳಿಸಲಿಲ್ಲ. ಬಾಗಿಲಿಗೆ ಕೇಳಿಸಿತ್ತು. ನಾನು ಅವರ ಮುಖ ನೋಡಿದೆ. ಅವರು ಜಾಲರಿಯನ್ನೇ ನೋಡುತ್ತಿದ್ದರು.

"ಯಾಕ್ರೀ? ಏನ್ ಮಾಡಿದೀರಿ?"

"ಇಲಾಖೆಯವ್ರೇ ಬಂದು ಕೇಳಿದ್ರು. ಗೊತ್ತಿದ್ದದ್ದು ಹೇಳ್ದೆ. ಬುದ್ಧಿ ಹೇಳಿ ಕಳಿಸ್ತೀವಿ ಅಂದ್ರು ಕಣೇ."

ಅವರ ಅಂಗಿ ಹಿಡಿದು ಜಗ್ಗಿದೆ. ಎದೆಗೆ ಗುದ್ದಿದೆ. ಏನೇನು ಬೈದೆನೋ ನೆನಪಿಲ್ಲ. ಕೆಳಗಿನಿಂದ ಬೂಟುಗಳು ಏರಿ ಬರುತ್ತಿದ್ದವು, ಅವಸರವೇ ಇಲ್ಲದೆ. ತಮ್ಮ ಬಾಗಿಲಿಗೆ ಬಾಯಿ ಹಚ್ಚಿ, "ಹೋಗ್ಲಿ ಬಿಡಕ್ಕ, ಭಾವಂಗೆ ಏನೂ ಅನ್ಬೇಡ. ಬಡಾಯಿ ಕೊಚ್ಚಿದ್ದು ನಾನೇ ತಾನೆ" ಅಂದ. ಆಮೇಲೆ ಏನೋ ಜಾರಿ ಬಿದ್ದ ಸದ್ದು. ಆಮೇಲೆ ಅದೂ ಇಲ್ಲ.

ಬೆಳಿಗ್ಗೆ ನನ್ನ ಗಂಡ ಗಡ್ಡ ಬೋಳಿಸಿ, ಅಂಗಿ ಬದಲಿಸಿ, ಬಾಗಿಲ ಮುಂದೆ ನಿಂತು, "ಹೊರಗೆ ಹೋಗ್ತೀನಿ" ಅಂದರು. ಜಾಲರಿಯವಳು ಕೂತ್ಕೊಳ್ಳಿ ಅಂದಳು. ಕೂತರು. ಎದ್ದರು. ಮತ್ತೆ ಅಂದರು. ಹಣೆಯಲ್ಲಿ ಬೆವರು ಮೂಡಿತು.

ನಾನು ಅವರನ್ನು ಪಕ್ಕಕ್ಕೆ ಸರಿಸಿ, "ಹೊರಗೆ ಹೋಗ್ತೀನಿ" ಅಂದೆ. ತೆರೆಯಿತು. ಅತ್ತೂ ಅತ್ತೂ ಒಳಗೆ ಏನೂ ಉಳಿದಿರಲಿಲ್ಲ, ಅದಕ್ಕೇ ಇರಬೇಕು. ಒಂದು ಸಲ ಹೇಳಿದರೆ ಒಬ್ಬರೇ ದಾಟಬಹುದು. ನನ್ನ ಬೆನ್ನ ಹಿಂದೆ ಮುಚ್ಚಿಕೊಂಡಿತು.

"ಏನೇ, ಬಾಗಿಲು ಕೆಟ್ಟಿದೆ" ಎಂದರು ಒಳಗಿಂದ. "ನಿನ್ ಚೀಲ ತಗೊಂಡು ಬೇಗ ಬಾ. ಕೇಳಿಸ್ತಾ?"

"ಬಾಗಿಲಿಗೇನೂ ಆಗಿಲ್ಲ" ಅಂದೆ.

ಇಲಾಖೆಗೇ ಹೋಗಿ ತಮ್ಮನನ್ನು ಕೇಳೋಣ ಅಂತ ಇಳಿದೆ. ಕೊನೆಯ ಮೆಟ್ಟಿಲ ಮೇಲೆ ಅವನ ಒಂಟಿ ಚಪ್ಪಲಿ ಬಿದ್ದಿತ್ತು, ಬಾರು ಕಿತ್ತು, ಹಿಮ್ಮಡಿ ಸವೆದು. ಅದನ್ನು ಎತ್ತಿಕೊಳ್ಳಬಾರದಿತ್ತು. ಎತ್ತಿಕೊಂಡೆ. ಕಟ್ಟಡದ ಹೆಬ್ಬಾಗಿಲಿಗೂ ಕಿವಿ ಇದೆ, ಬರುವವರನ್ನು ಬಿಟ್ಟು ಹೋಗುವವರನ್ನಷ್ಟೇ ತಡೆಯುತ್ತದೆ. ಕೂರಿಸಿದ್ದು ನಾನೇ. "ಹೊರಗೆ ಹೋಗ್ತೀನಿ" ಅಂದೆ, ಚಪ್ಪಲಿಯನ್ನು ಎದೆಗೊತ್ತಿಕೊಂಡು.

"ಸ್ವಲ್ಪ ಹೊತ್ತು ಕೂತ್ಕೊಳ್ಳಿ."

ಮೇಲೆ ನನ್ನ ಗಂಡ ಬಾಗಿಲು ಬಡಿಯುತ್ತಿದ್ದಾರೆ, ಅದನ್ನೂ ಮೆಲ್ಲಗೆ. ನಾನು ಮೆಟ್ಟಿಲ ಮೇಲೆ ಕೂತು ಚಪ್ಪಲಿಯನ್ನು ಮಡಿಲಲ್ಲಿಟ್ಟುಕೊಂಡಿದ್ದೇನೆ. "ಹೊಸದು ತಗೋ ಅಂತ ಎಷ್ಟು ಸಲ ಬಡ್ಕೊಂಡೆನೋ ಬೊಗಳೆ" ಅಂತ ಬೈದೆ. ಅಷ್ಟಕ್ಕೇ ಅವಳು ಮತ್ತೆ ಕೂತ್ಕೊಳ್ಳಿ ಅಂದಳು. ಕೂತೇ ಇದ್ದೇನಲ್ಲ, ಮಹರಾಯ್ತಿ.