ಕಾಲು ಪಾಲು ಮೇಣ

ಮನೆಯ ಹಿಂಬದಿಯ ಕೋಣೆಯನ್ನು ನಾವು ಸಾಬೂನುಮನೆ ಎನ್ನುತ್ತಿದ್ದೆವು. ನನ್ನ ಹೆಂಡತಿ ಅಲ್ಲಿ ಜೇನುತುಪ್ಪ ಬೆರೆಸಿ ಸಾಬೂನು ಮಾಡುತ್ತಿದ್ದಳು. ಜೇನುಮೇಣ ಕರಗಿಸಿ ಒಡೆದ ಚರ್ಮಕ್ಕೆ ಮುಲಾಮು ಮಾಡುತ್ತಿದ್ದಳು. ನಾನು ತಿರುಗಿಸುವ ಕೈ, ಅವಳು ಹೇಳುವ ಬಾಯಿ. ಕ್ಷಾರದ ನೀರು ಎಣ್ಣೆಗೆ ಬಿದ್ದ ಮೇಲೆ ಹುಟ್ಟು ಹಿಡಿದು ಅಂಗಳದಲ್ಲಿ ನಿಲ್ಲುವುದು ನನ್ನ ಪಾಲು. ಮೇಣದ ಕೆಲಸ ಒಳಗೆ, ಒಲೆಯ ಹತ್ತಿರ, ಪೂರ್ತಿ ಅವಳದು.

ದೇವರು ಅವಳನ್ನು ಕರೆದುಕೊಂಡ ಮೇಲೆ ಆ ಬಾಗಿಲು ತೆರೆಯುವ ಮನಸ್ಸು ಬರಲಿಲ್ಲ. ಕಸ ಗುಡಿಸಲೆಂದು ಮಗ ಒಮ್ಮೆ ಹೋದವನು ವಾಸನೆ ತಡೆಯಲಾರದೆ ಹೊರಗೆ ಬಂದ. ವಾಸನೆ ಕೆಟ್ಟದ್ದಲ್ಲ. ತಾಯಿಯದು.

ಬಾಗಿಲು ತೆರೆಸಿದವಳು ಸೊಸೆ. ಅವಳು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ಆಗತಾನೆ ಹುಟ್ಟಿದ ಹಸುಳೆಗಳ ವಾರ್ಡು ಅವಳದು. ಒಂದೊಂದು ಮಗುವನ್ನು ಮುಟ್ಟುವ ಮುಂಚೆಯೂ ಮುಟ್ಟಿದ ಮೇಲೂ ಕೈ ತೊಳೆಯಬೇಕು. ಚಳಿ ಬಿತ್ತೆಂದರೆ ಗೆಣ್ಣುಗಳ ಮೇಲೆ ಚರ್ಮ ಸೀಳುತ್ತಿತ್ತು. ಹಿಂದೆಲ್ಲ ಅತ್ತೆಯ ಮುಲಾಮು ಇತ್ತು. ಈ ಸಲ ಅಂಗಡಿಯಿಂದ ತಂದ ಏನೇನನ್ನೋ ಹಚ್ಚಿ ನೋಡಿದಳು. ಉರಿ ಹೆಚ್ಚಾಯಿತೇ ಹೊರತು ಗಾಯ ಕೂಡಲಿಲ್ಲ.

ಒಂದು ಸಂಜೆ ಕೆಲಸದಿಂದ ಬಂದವಳು ಮೇಜಿನ ಮೇಲೆ ಎರಡೂ ಕೈ ಚಾಚಿ ಕೂತಳು.

"ದೊಡ್ಡಕ್ಕ ಇವತ್ತು ನನ್ನ ಕೈ ನೋಡಿದ್ರು ಮಾವ," ಎಂದಳು. ವಾರ್ಡಿನ ಹಿರಿಯ ನರ್ಸನ್ನು ಅವರೆಲ್ಲ ಹಾಗೆ ಕರೆಯುತ್ತಾರೆ. "ಬಾಯಿಬಿಟ್ಟ ಗಾಯ ಇಟ್ಕೊಂಡು ಮಕ್ಕಳನ್ನ ಮುಟ್ಟೋ ಹಾಗಿಲ್ಲ, ನಾಳೆಯಿಂದ ಉಗ್ರಾಣದಲ್ಲಿ ಕೂರು ಅಂದ್ರು. ತಿಂಗಳ ಕೊನೆಗೂ ವಾಸಿ ಆಗದಿದ್ರೆ ನನ್ನ ಜಾಗಕ್ಕೆ ಬೇರೆಯವರು ಬರ್ತಾರೆ."

"ಉಗ್ರಾಣ ಏನು ಕೆಟ್ಟದ್ದಾ? ಆರಾಮಾಗಿ ಬಟ್ಟೆ ಮಡಿಸ್ಕೊಂಡು ಇರೋದು," ಎಂದ ಮಗ, ಸಮಾಧಾನಕ್ಕೆ.

"ಬಟ್ಟೆ ಮಡಿಸೋದೇ ಆಗಿದ್ರೆ ನಿಮ್ಮ ಅಂಗಿಗಳೇ ಸಾಕಾಗಿತ್ತು. ಅಷ್ಟು ಓದಬೇಕಿತ್ತಾ?" ಎಂದವಳು ನನ್ನ ಕಡೆ ತಿರುಗಿದಳು. "ಅಂಗೈಯಷ್ಟೇ ಇರ್ತಾವೆ ಮಾವ, ಕೆಲವು. ಎತ್ತಿಕೊಂಡ್ರೆ ಉಸಿರಾಡೋದು ಕೈಗೆ ಗೊತ್ತಾಗುತ್ತೆ."

ಮರುದಿನ ಬೆಳಗಿನ ಪ್ರಾರ್ಥನೆ ಮುಗಿಸಿ ಬೀಗದ ಕೈ ತೆಗೆದುಕೊಂಡೆ.

ಮೇಣದ ಹಳದಿ ಗಟ್ಟಿಗಳು ಬಟ್ಟೆಯಲ್ಲಿ ಸುತ್ತಿ ಇಟ್ಟಂತೆಯೇ ಇದ್ದವು. ಎಣ್ಣೆ ಇತ್ತು, ತಕ್ಕಡಿ ಇತ್ತು. ಅಳತೆ ಮಾತ್ರ ಹೆಂಡತಿಯ ಬಾಯಲ್ಲಿತ್ತು. ಅಂಗಳದಲ್ಲಿ ನಿಂತ ನನಗೆ ಗೋಡೆಯಾಚೆಯಿಂದ ಕೇಳಿಸುತ್ತಿದ್ದುದು ಒಂದೇ ಮಾತು, "ಕಾಲು, ಕಾಲು." ಹೇಳಿ ತಾನೇ ನಗುತ್ತಿದ್ದಳು. ಎಣ್ಣೆಯ ತೂಕಕ್ಕೆ ಕಾಲು ಪಾಲು ಮೇಣ. ಅದರಲ್ಲಿ ನನಗೆ ಸಂಶಯವಿರಲಿಲ್ಲ. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಳಿಸಿ ಕರಗಿಸಿದೆ, ಸೋಸಿ ಬಟ್ಟಲುಗಳಿಗೆ ಹೊಯ್ದೆ.

ಚಳಿಗೆ ಅದು ಕಲ್ಲಾಯಿತು. ಸೊಸೆ ಬೆರಳಿಟ್ಟು ಒತ್ತಿ ನೋಡಿದಳು.

"ಇದನ್ನ ಹಚ್ಚೋದಾ ಮಾವ, ಇದರಿಂದ ಮೊಳೆ ಹೊಡೆಯೋದಾ?"

"ಉಜ್ಜಿ ನೋಡು. ಕೈ ಬಿಸಿಗೆ ಕರಗುತ್ತೆ."

ಉಜ್ಜಿದಳು. ಕೂಡತೊಡಗಿದ್ದ ಒಂದು ಗಾಯ ಮತ್ತೆ ಬಿರಿದು ರಕ್ತ ಬಂತು. "ಅತ್ತೇದು ಬೆಣ್ಣೆ ಇದ್ದ ಹಾಗಿತ್ತು," ಎಂದಳು ಮೆಲ್ಲಗೆ.

"ಅಳತೆ ಕಾಲೇ ಕಣಮ್ಮ. ನನ್ನ ಕಿವಿಯಾರೆ ಕೇಳಿದ್ದೀನಿ. ಉರಿ ಹೆಚ್ಚಾಗಿರಬೇಕು."

ಉರಿ ತಗ್ಗಿಸಿ ಮತ್ತೆ ಮಾಡಿದೆ. ಮತ್ತೆ ಕಲ್ಲು. ಮೇಣ ಕಡಿಮೆ ಮಾಡುವ ಯೋಚನೆ ಬಾರದೆ ಇರಲಿಲ್ಲ. ಆದರೆ ತೀರಿಹೋದವಳ ಮಾತನ್ನು ನಾನು ತಿದ್ದುವುದೇ? ತಪ್ಪು ನನ್ನ ಕೈಯದು, ಅವಳಿಗೆ ಒಲಿದದ್ದು ನನಗೆ ಬೇಡವೆಂದು ದೇವರೇ ಹೇಳುತ್ತಿದ್ದಾನೆ ಎಂದುಕೊಂಡೆ. ಬಟ್ಟಲುಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟು ಸುಮ್ಮನಾದೆ. ತಿಂಗಳು ಕರಗುತ್ತಿತ್ತು.

ಅವನ್ನು ಕಂಡವನು ಅಂಚೆಯವನು.

"ಮತ್ತೆ ಶುರು ಮಾಡಿದ್ರಾ ಅಜ್ಜ? ಬಾಯಿಬಿಟ್ಟು ಹೇಳಬಾರದಾ?"

"ತಗೊಂಡು ಹೋಗು. ಯಾರಿಗಾದ್ರೂ ಹೊಡೆಯೋಕೆ ಬರುತ್ತೆ."

ಅವನು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚಿದ. ಹಿಮ್ಮಡಿ ಒಣಗಿದ ಕೆರೆಯಂತೆ ಬಿರಿದಿತ್ತು. ಹೆಬ್ಬೆರಳಿನಿಂದ ಮೇಣವನ್ನು ಕೆರೆದು, ಬಿರುಕುಗಳೊಳಗೆ ತುಂಬಿ, ಕಣ್ಣು ಮುಚ್ಚಿದ.

"ಇದೇ. ಅಮ್ಮ ಕೊಡ್ತಿದ್ದದ್ದು ಇದೇ."

"ನನ್ನ ಸೊಸೆ ಕೈಗೆ ಹತ್ತಲ್ಲಪ್ಪ ಇದು."

"ಕೈಗ್ಯಾಕೆ ಹತ್ತುತ್ತೆ? ಇದು ಕಾಲಿಂದು. 'ಕಾಲಿಗೆ ಕಾಲು, ಕೈಗೆ ಅರೆಕಾಲು' ಅಂತ ಅಮ್ಮ ಯಾವಾಗಲೂ ನಗಾಡ್ತಿರಲಿಲ್ವಾ? ಹಾಗಾದ್ರೆ ಮುಖಕ್ಕೆ ಎಷ್ಟು ಅಂತ ಕೇಳಿದ್ದಕ್ಕೆ, ನಿನ್ನ ಮುಖಕ್ಕೆ ಮೇಣ ಸಾಲದಪ್ಪ, ಗಾರೆ ಮಾಡಿಸು ಅಂದ್ರು."

ನಾನು ನಕ್ಕೆ. ನಗುತ್ತಿದ್ದಂತೆಯೇ ಕಣ್ಣು ತುಂಬಿತು. ಅಷ್ಟು ವರ್ಷ ಗೋಡೆಯ ಈಚೆ ಅರ್ಧ ಕೇಳಿದ ಮಾತಿನ ಉಳಿದರ್ಧ ಈಗ ಬಂದು ಸೇರಿತು. ಅಂಚೆಯವನು ಬೂಟಿನ ದಾರ ಕಟ್ಟುವುದರಲ್ಲೇ ಬಹಳ ಹೊತ್ತು ಮುಳುಗಿದ್ದ, ಪಾಪ.

ಕಾಲಿನರ್ಧ, ಅರೆಕಾಲು ಮೇಣ ಹಾಕಿದೆ. ಒಂದು ಚಮಚ ಜೇನು ಸೇರಿಸಲು ಹೋದಾಗ ಸೊಸೆ ಕೈ ಹಿಡಿದಳು.

"ಅದು ಸಾಬೂನಿಗಿರಲಿ ಮಾವ. ಹಸುಳೆಗಳ ಬಾಯಿಗೆ ಜೇನು ಸೋಕಬಾರದು."

ಮುಲಾಮು ಬೆಳಗಾಗುವಷ್ಟರಲ್ಲಿ ಬೆಣ್ಣೆಯಂತೆ ಕೂತಿತ್ತು. ಸೊಸೆ ಮಲಗುವ ಮುಂಚೆ ಹಚ್ಚಿಕೊಂಡು ಮೇಲೆ ಹತ್ತಿಯ ಕೈಗವಸು ಹಾಕಿಕೊಳ್ಳತೊಡಗಿದಳು. ಗಾಯಗಳು ಒಮ್ಮೆಲೇ ಮಾಯಲಿಲ್ಲ. ಮೊದಲು ಅಂಚಿನ ಕೆಂಪು ಹೋಯಿತು. ಆಮೇಲೆ ಒಂದು ಕೂಡಿತು, ಇನ್ನೊಂದು ಹಟ ಮಾಡಿತು.

ತಿಂಗಳ ಕೊನೆಯ ಸಂಜೆ ಅವಳು ಬಂದು, ಬೂಟನ್ನೂ ಬಿಚ್ಚದೆ ಕುರ್ಚಿಯಲ್ಲಿ ಕೂತಳು. ಮಗನೂ ನಾನೂ ಅವಳ ಮುಖವನ್ನೇ ನೋಡಿದೆವು.

"ದೊಡ್ಡಕ್ಕ ಕನ್ನಡಕ ಹಾಕ್ಕೊಂಡು ನೋಡಿದ್ರು. ಒಂದು ಮಗು ಎತ್ತಿ ನನ್ನ ಕೈಗೆ ಕೊಟ್ರು. ಸಂಜೆಯವರೆಗೂ ಕೆಳಗಿಳಿಸೋಕೆ ಮನಸ್ಸಾಗಲಿಲ್ಲ."

ಮನಸ್ಸಿನಲ್ಲೇ ದೇವರಿಗೆ ಕೈಮುಗಿದೆ.

"ಒಂದು ದೂರು ಇದೆ ಮಾವ," ಎಂದಳು. "ಬೆಳಿಗ್ಗೆ ಎದ್ರೆ ಬಾಗಿಲ ಹಿಡಿ ತಿರುಗಲ್ಲ. ಜಾರುತ್ತೆ."

"ದಿನಾ ನಾನೇ ತೆಗೀಬೇಕು," ಎಂದ ಮಗ.

"ನಿಮ್ಮತ್ತೆ ಮಾಡಿದ್ದೂ ಹಾಗೇ ಜಾರುತ್ತಿತ್ತಾ?" ಎಂದು ಸೊಸೆಯನ್ನು ಕೇಳಿದೆ.

"ಜಾರುತ್ತಿತ್ತು. ಅತ್ತೆಗೆ ಹೇಳೋ ಧೈರ್ಯ ಯಾರಿಗಿತ್ತು?"

ಮೂವರೂ ನಕ್ಕೆವು. ಹಾಗಿದ್ದರೆ ಅರೆಕಾಲಿಗಿಂತ ತುಸು ಹೆಚ್ಚು, ಕಾಲಿಗಿಂತ ಬಹಳ ಕಡಿಮೆ. ಆ ಅಳತೆಗೆ ನನ್ನ ಹೆಂಡತಿ ಹೆಸರಿಟ್ಟಿರಲಿಲ್ಲ. ನಾನು ಸಾಬೂನುಮನೆಗೆ ಹೋಗಿ ತಕ್ಕಡಿಯನ್ನು ಒರೆಸಿ, ಮೇಣ ತುರಿಯತೊಡಗಿದೆ.